ಎಂಟಡಿ ಹರಗೋಲು ಸಾಕೋ, ಹತ್ತಡಿಯದು ಬೇಕೋ?

ಮೀನು ಹಿಡಿಯಲು ಬಳಸುವ ದುಂಡು ದೋಣಿ, ಅಂದರೆ ಹರಗೋಲು, ದೊಡ್ಡದು ಮಾಡಬೇಕು ಅನ್ನೋ ಯೋಚನೆ ಬಹಳ ಮಂದಿಗೆ ಬರುವುದು ದೀಪಾವಳಿಯ ಸುತ್ತಮುತ್ತ. ಆಗ ಕಾರಂಜಾ ಜಲಾಶಯ ತುಂಬಿರುತ್ತದೆ, ಬೆಣ್ಣೆತೊರಾ ತುಂಬಿರುತ್ತದೆ, ನಾರಾಯಣಪುರದ ಹಿನ್ನೀರು ಹೊಲದ ಬದುವಿನವರೆಗೂ ಬಂದು ನಿಂತಿರುತ್ತದೆ. ಮನೆ ಬಿಟ್ಟು ನಾಲ್ಕು ಹೆಜ್ಜೆ ನಡೆದರೆ ನೀರು. ಸಣ್ಣ ಹರಗೋಲಿನಲ್ಲಿ ಬಲೆ, ಮೀನು, ಇಬ್ಬರು ಆಳು ಎಲ್ಲ ಸೇರಿ ಇಕ್ಕಟ್ಟಾದಾಗ "ಇನ್ನೆರಡು ಅಡಿ ಇದ್ದಿದ್ದರೆ" ಅನಿಸುವುದು ಸಹಜ. ಇದೇ ಪ್ರಶ್ನೆಯನ್ನು ಏಪ್ರಿಲ್ ತಿಂಗಳಲ್ಲಿ ಕೇಳಿಕೊಂಡರೆ ಉತ್ತರ ಬೇರೆ ಬರುತ್ತದೆ. ನೀರು ದೂರ ಸರಿದಿರುತ್ತದೆ, ನಡುವೆ ಎರೆಮಣ್ಣಿನ ರಾಡಿ, ಮೊಣಕಾಲವರೆಗೆ ಹುಗಿಯುವ ಹೂಳು. ಅದನ್ನು ದಾಟಿಸಿ ಹರಗೋಲನ್ನು ನೀರಿಗೆ ಮುಟ್ಟಿಸುವುದು, ಬೆಳಗಾಗುವುದರೊಳಗೆ ಮತ್ತೆ ದಂಡೆಗೆ ತರುವುದು, ಇದೇ ದಿನದ ಅರ್ಧ ಕೆಲಸ.

ಆದ್ದರಿಂದ ಈ ಇಡೀ ಹೋಲಿಕೆಯಲ್ಲಿ ಹರಗೋಲಿನ ಭಾರವನ್ನು ನೀರಿನ ಮೇಲೆ ಅಳೆಯುವುದಕ್ಕಿಂತ ದಂಡೆಯ ಮೇಲೆ ಅಳೆದಿದ್ದೇ ಹೆಚ್ಚು. ನೀರು ಎಷ್ಟು ಭಾರವನ್ನಾದರೂ ಎತ್ತುತ್ತದೆ. ರಾಡಿಯಲ್ಲಿ ಎತ್ತಬೇಕಾದವರು ನೀವೇ.

ಮೊದಲು ನೋಡಬೇಕಾದದ್ದು

ದೋಣಿ ಅಂಗಡಿಗೆ ಹೋಗುವ ಮುಂಚೆ ನಿಮ್ಮಲ್ಲೇ ಉತ್ತರ ಇರಬೇಕಾದ ಪ್ರಶ್ನೆಗಳು ಇವು. ದಿನಾ ಎಷ್ಟು ಕೈ ಬರುತ್ತವೆ? ಹಬ್ಬದ ದಿನ ಬರುವ ತಮ್ಮಂದಿರ ಲೆಕ್ಕ ಬೇಡ, ಮಳೆಗಾಲದ ಮಂಗಳವಾರ ಬೆಳಗಿನ ನಾಲ್ಕಕ್ಕೆ ಏಳುವವರನ್ನು ಮಾತ್ರ ಎಣಿಸಿ. ಗಂಡ ಹೆಂಡತಿ ಇಬ್ಬರೇ ಬಲೆ ಬಿಡುವ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿ ಎರಡೇ ಕೈಜೋಡಿ. ಎರಡನೆಯದು, ನೀರಿನ ತಳ ಎಂಥದ್ದು: ಹೂಳೋ, ಮರಳೋ, ಬಂಡೆಯೋ, ಮುಳುಗಿದ ಬಳ್ಳಾರಿ ಜಾಲಿಯೋ. ಮೂರನೆಯದು, ಬಲೆ ಬಿಡುವ ಜಾಗ ದಂಡೆಯಿಂದ ಎಷ್ಟು ದೂರ, ಗಾಳಿ ಎಂಥದ್ದು. ನಾಲ್ಕು, ಹರಗೋಲು ರಾತ್ರಿ ಎಲ್ಲಿರುತ್ತದೆ, ಒಂದೇ ನೀರಿನಲ್ಲಿ ವರ್ಷವೆಲ್ಲ ಇರುತ್ತದೋ, ಕೆರೆಯಿಂದ ಕೆರೆಗೆ ಗಾಡಿಯಲ್ಲಿ ಹೋಗಬೇಕೋ. ಕೊನೆಗೆ, ಒಡೆದರೆ ಸರಿಮಾಡುವವರು ಯಾರು. ದುಡ್ಡಿನ ಪ್ರಶ್ನೆ ಇದಾದ ಮೇಲೆ. ದುಡ್ಡು ಮೊದಲು ನೋಡಿದವರು ಸಹಾಯಧನದಲ್ಲಿ ಸಿಕ್ಕಿತೆಂದು ದೊಡ್ಡದು ತಂದು, ಎತ್ತಲಾರದೆ ದಂಡೆಯಲ್ಲೇ ಬೋರಲು ಹಾಕಿ ಅದರ ನೆರಳಿನಲ್ಲಿ ಆಡು ಕಟ್ಟುವ ಸ್ಥಿತಿಗೆ ಬರುತ್ತಾರೆ.

ಎರಡು ಅಡಿಯ ಬೆಲೆ

ಫೈಬರ್ ಹರಗೋಲಿನ ತೂಕವನ್ನು ಮಾರುವವರ ಬಾಯಿಯಿಂದ ಕೇಳಬೇಕಾಗಿಲ್ಲ, ಲೆಕ್ಕ ಹಾಕಬಹುದು. ಸಾಮಾನ್ಯವಾಗಿ ಬಳಸುವ, ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್‌ನ (ಗಾಜಿನ ನಾರಿನ ಹಾಸು) ಒಂದು ಪದರ, ಅದು ಹೀರುವ ಎರಡೂವರೆ ಪಟ್ಟು ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟು) ಸೇರಿ, ಒಂದು ಚದರ ಮೀಟರಿಗೆ ಸುಮಾರು 1.6 ಕೆಜಿ ಆಗುತ್ತದೆ. ದಪ್ಪ ಒಂದು ಮಿಲಿಮೀಟರಿಗಿಂತ ಚೂರು ಹೆಚ್ಚು. ನಾಲ್ಕು ಪದರ ಹಾಕಿದರೆ ಚದರ ಮೀಟರಿಗೆ ಆರು ಕೆಜಿ ಚಿಲ್ಲರೆ.

ಆರಡಿ ವ್ಯಾಸದ ಹರಗೋಲಿಗೆ ತಳ ಮತ್ತು ಗೋಡೆ ಸೇರಿ ನಾಲ್ಕೂವರೆ ಚದರ ಮೀಟರ್, ಅಂದರೆ 28 ಕೆಜಿ. ಎಂಟಡಿಯದಕ್ಕೆ ಒಂಬತ್ತು ಚದರ ಮೀಟರ್, 55 ಕೆಜಿ. ಹತ್ತಡಿಯದಕ್ಕೆ ಹದಿಮೂರು, ಆ ಅಗಲಕ್ಕೆ ನಾಲ್ಕು ಪದರ ಸಾಲುವುದಿಲ್ಲ, ತಳ ಹಪ್ಪಳದ ಹಾಗೆ ಉಬ್ಬಿ ಇಳಿಯುತ್ತದೆ, ಐದು ಬೇಕು. ಹಾಗಾಗಿ ನೂರು ಕೆಜಿ. ನೋಡಿ, ಪ್ರತಿ ಎರಡು ಅಡಿಗೆ ತೂಕ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತ ಹೋಗುತ್ತದೆ. ಎಂಟಡಿಯದು ಒಂದು ಸಿಮೆಂಟ್ ಚೀಲ, ಹತ್ತಡಿಯದು ಎರಡು ಚೀಲ. ಚೀಲವನ್ನಾದರೆ ಹೆಗಲಿಗೆ ಹಾಕಿಕೊಳ್ಳಬಹುದು, ಇದು ಹತ್ತಡಿ ಅಗಲದ ತಟ್ಟೆ, ಹಿಡಿಯಲು ಹಿಡಿಕೆಯಿಲ್ಲ, ಗಾಳಿ ಬಂದರೆ ಹೊತ್ತವರನ್ನೇ ತಿರುಗಿಸುತ್ತದೆ.

ಈಗ ನೀರಿನ ಮೇಲಿನ ಲಾಭ. ಎಂಟಡಿಯದರ ಚಪ್ಪಟೆ ತಳ ಸುಮಾರು ಏಳಡಿ ಅಗಲ. ಅದು ಒಂದು ಸೆಂಟಿಮೀಟರ್ ಮುಳುಗಲು 35 ಕೆಜಿ ಬೇಕು. ಹತ್ತಡಿಯದಕ್ಕೆ 57 ಕೆಜಿ. ಇಬ್ಬರು ಆಳು 120, ಒದ್ದೆ ಬಲೆ 30, ಮೀನು ಮತ್ತು ಐಸ್ 60, ಹರಗೋಲಿನದೇ ತೂಕ ಎಲ್ಲ ಕೂಡಿಸಿ. ಎಂಟಡಿಯದು ಏಳೂವರೆ ಸೆಂಟಿಮೀಟರ್ ಮುಳುಗುತ್ತದೆ, ಹತ್ತಡಿಯದು ಐದೂವರೆ. ಎರಡೇ ಸೆಂಟಿಮೀಟರ್ ವ್ಯತ್ಯಾಸ! ಹೊರುವ ಶಕ್ತಿ ಸಾಲದು ಅಂತ ದೊಡ್ಡದು ಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು. ಇಬ್ಬರ ಕೆಲಸಕ್ಕೆ ಎಂಟಡಿಯದು ಭಾರದಿಂದ ಮುಳುಗುವುದಿಲ್ಲ.

ಮುಳುಗುವುದು ಭಾರದಿಂದಲ್ಲ, ವಾಲುವುದರಿಂದ. ದೊಡ್ಡ ಕಾಟ್ಲಾ ಮೀನು ಬಲೆಯಲ್ಲಿ ಒದ್ದಾಡುತ್ತಿರುವಾಗ ಇಬ್ಬರೂ ಒಂದೇ ಅಂಚಿಗೆ ಬಗ್ಗುತ್ತಾರೆ. ಆಗ ಒಂದು ಬದಿಗೆ 150 ಕೆಜಿ ಬಿತ್ತೆಂದುಕೊಳ್ಳಿ. ಆರಡಿಯದರಲ್ಲಿ ಆ ಬದಿಯ ತಳ ನೀರಿನ ಮಟ್ಟದಿಂದ ಸುಮಾರು ಅರ್ಧ ಮೀಟರ್ ಕೆಳಗಿಳಿಯುತ್ತದೆ, ಗೋಡೆಯ ಎತ್ತರವೇ ಅಷ್ಟು, ಅಂದರೆ ನೀರು ಒಳಗೆ. ಎಂಟಡಿಯದರಲ್ಲಿ 26 ಸೆಂಟಿಮೀಟರ್ ಇಳಿದು ನಿಲ್ಲುತ್ತದೆ. ಹತ್ತಡಿಯದರಲ್ಲಿ 16. ಕಾರಣ ಇಷ್ಟೇ: ದುಂಡು ತಳ ವಾಲುವುದನ್ನು ತಡೆಯುವ ಬಲ ಅಗಲದ ನಾಲ್ಕನೇ ಘಾತದಲ್ಲಿ ಬೆಳೆಯುತ್ತದೆ. ಆರರಿಂದ ಎಂಟಕ್ಕೆ ಹೋದಾಗ ಆ ಬಲ ಮೂರು ಪಟ್ಟು, ಎಂಟರಿಂದ ಹತ್ತಕ್ಕೆ ಇನ್ನೂ ಎರಡೂವರೆ ಪಟ್ಟು.

ಇಲ್ಲಿ ನಮ್ಮ ಅಭಿಪ್ರಾಯ ನೇರವಾಗಿ ಹೇಳುವುದಾದರೆ, ಆರಡಿಯಿಂದ ಎಂಟಡಿಗೆ ಹೋಗುವುದು ಜೀವದ ಪ್ರಶ್ನೆ, ಎರಡು ಸಲ ಯೋಚಿಸಬೇಡಿ. ಎಂಟರಿಂದ ಹತ್ತಕ್ಕೆ ಹೋಗುವುದು ಅನುಕೂಲದ ಪ್ರಶ್ನೆ, ಎರಡು ಸಲ ಅಲ್ಲ, ಒಂದು ಬೇಸಿಗೆ ಪೂರ್ತಿ ಯೋಚಿಸಿ.

ಬಿದಿರಿನದನ್ನೇ ಉಳಿಸಿಕೊಂಡರೆ

ಬಿದಿರಿನ ಸೀಳು ಹೆಣೆದು, ಮೇಲೆ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿದ ಹಳೆಯ ಹರಗೋಲನ್ನು ಹಳತೆಂದು ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೊಂದು ಗುಣ ಇದೆ, ಬಾಗುತ್ತದೆ. ನಾರಾಯಣಪುರದ ಕೆಳಗೆ ಸುರಪುರ, ಶಹಾಪುರ ಕಡೆ ಕೃಷ್ಣೆ ಹರಿಯುವುದು ಕಗ್ಗಲ್ಲಿನ ಬಂಡೆಗಳ ನಡುವೆ. ಅಲ್ಲಿ ಹರಿವಿನ ಜೊತೆ ಬಂಡೆಗೆ ತಾಗಿದರೆ ಬಿದಿರು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಫೈಬರ್ ಬಾಗದೆ ಬಿರಿಯುತ್ತದೆ. ಹೊರಗೆ ಬರೀ ಗೆರೆ ಕಂಡರೂ ಒಳಪದರ ನಕ್ಷತ್ರದ ಹಾಗೆ ಸೀಳಿರುತ್ತದೆ. ಕಾಗಿಣಾದಲ್ಲಿ ಇನ್ನೊಂದು ತರಹ: ಶಹಾಬಾದ್ ಕಡೆ ಹೊಳೆಯ ತಳದಲ್ಲೇ ಫರಸಿ ಕಲ್ಲಿನ ಪದರ, ಅದರ ಅಂಚು ಚೂರಿಯ ಹಾಗೆ. ಅಲ್ಲಿ ಬಿದಿರಿನ ಮೇಲಿನ ಪ್ಲಾಸ್ಟಿಕ್ಕೇ ಮೊದಲು ಹರಿಯುತ್ತದೆ, ಫೈಬರ್ ಗೀರು ಬಿದ್ದು ಉಳಿಯುತ್ತದೆ. ಬಳ್ಳಾರಿ ಜಾಲಿಯ ಮುಳ್ಳಿಗೂ ಅಷ್ಟೇ. ಜಲಾಶಯ ಇಳಿದಾಗ ಬೆಳೆದ ಜಾಲಿ, ಮಳೆಗೆ ನೀರು ಏರಿದಾಗ ಒಂದಡಿ ಕೆಳಗೆ ಮುಳುಗಿ ಕಾಯುತ್ತಿರುತ್ತದೆ.

ಬಿದಿರಿನದರ ದೊಡ್ಡ ಶತ್ರು ನಮ್ಮ ಬಿಸಿಲು. ಡಾಂಬರು ಐವತ್ತು ಡಿಗ್ರಿ ಹತ್ತಿರ ಬಂದಾಗಲೇ ಮೆದುವಾಗುತ್ತದೆ; ಕಲಬುರಗಿಯ ಮೇ ತಿಂಗಳಲ್ಲಿ ಗಾಳಿಯೇ 42-43 ಇರುವಾಗ ಕಪ್ಪು ಮೈ ಅದಕ್ಕಿಂತ ಎಷ್ಟೋ ಮೇಲೆ ಹೋಗಿ ಡಾಂಬರು ಸುರಿದು ಅಂಚಿಗೆ ಬಂದು ಕೂಡುತ್ತದೆ. ನಡುಭಾಗ ತೆಳುವಾಗಿ, ಮೊದಲ ಮಳೆಗೆ ಅಲ್ಲೇ ಜಿನುಗು. ಬೇವಿನ ನೆರಳಿನಲ್ಲಿ ಬೋರಲು ಹಾಕಿ, ಕೆಳಗೆ ಮೂರು ಕಲ್ಲಿಟ್ಟು ಗಾಳಿಯಾಡುವಂತೆ ಮಾಡಿದರೆ ಗೆದ್ದಲಿನ ಕಾಟವೂ ಕಡಿಮೆ. ಮೃಗಶಿರಾ ಹುಟ್ಟುವ ಮುಂಚೆ ಒಮ್ಮೆ ಡಾಂಬರು ಬಳಿಯಲೇಬೇಕು. ಹೆಣಿಗೆಯ ಕಸುಬು ಬಲ್ಲವರು ಹತ್ತಿರದಲ್ಲಿದ್ದು, ಬಂಡೆ ನೀರಿನಲ್ಲಿ ಒಬ್ಬರೇ ಕೆಲಸ ಮಾಡುವವರಿಗೆ ಈಗಲೂ ಇದೇ ಸರಿ. ಒಣಗಿದ್ದಾಗ ಒಬ್ಬ ಗಟ್ಟಿ ಆಳು ಬೆನ್ನ ಮೇಲೆ ಆಮೆಯ ಚಿಪ್ಪಿನ ಹಾಗೆ ಹೊತ್ತು ನಡೆಯಬಲ್ಲ. ನೀರು ಕುಡಿದ ಮೇಲೆ ಆ ಮಾತು ಬರುವುದಿಲ್ಲ.

ಎಂಟಡಿ ಫೈಬರ್

ಬೀದರ, ಕಲಬುರಗಿ, ಯಾದಗಿರಿ ಈ ನಮ್ಮ ಮೂರೂ ಜಿಲ್ಲೆಗಳ ಬಹುಪಾಲು ಜಲಾಶಯಗಳಿಗೆ, ಅಂದರೆ ಕಾರಂಜಾ, ಚುಳಕಿನಾಲಾ, ಬೆಣ್ಣೆತೊರಾ, ಗಂಡೋರಿನಾಲಾ, ಅಮರ್ಜಾ, ಹತ್ತಿಕುಣಿ, ಸೌದಾಗರ ಇಂಥ ನಿಂತ ನೀರಿಗೆ, ಇಬ್ಬರ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು. ಒಬ್ಬರು ಮುಂದೆ ಕೂತು ಹುಟ್ಟು ಎಳೆಯುತ್ತಾರೆ, ಇನ್ನೊಬ್ಬರು ಹಿಂದೆ ಬಲೆ ಬಿಡುತ್ತಾರೆ. ನಡುವೆ ಒಂದು ಥರ್ಮಾಕೋಲ್ ಪೆಟ್ಟಿಗೆ ಹಿಡಿಯುತ್ತದೆ. ತಲೆಗೆ 27 ಕೆಜಿಯಂತೆ ಇಬ್ಬರು ಎತ್ತಬಹುದು. ಕೆಲವರು ಅಂಚಿನ ಮೇಲೆ ನಿಲ್ಲಿಸಿ ಗಾಲಿಯ ಹಾಗೆ ಉರುಳಿಸುತ್ತಾರೆ. ಹುಲ್ಲಿನ ಮೇಲೆ ಸರಿ, ಮುರುಮಿನ ದಾರಿಯಲ್ಲಿ ಹಾಗೆ ಮಾಡಿದರೆ ಅಂಚಿನ ಮ್ಯಾಟ್ ಬಿಚ್ಚಿಕೊಂಡು ನೀರು ಕುಡಿಯಲು ಶುರು ಮಾಡುತ್ತದೆ. ಉರುಳಿಸಲೇಬೇಕಾದರೆ ಅಂಚಿಗೆ ಹಳೆಯ ನೀರಾವರಿ ಪೈಪನ್ನು ಉದ್ದಕ್ಕೆ ಸೀಳಿ ತೊಡಿಸಿ, ನೈಲಾನ್ ಹಗ್ಗದಿಂದ ಬಿಗಿಯಿರಿ.

ಇಕ್ಕಟ್ಟು ಅನಿಸುವುದು ಎಲ್ಲಿ ಎಂದರೆ, ಬಲೆಯ ತುಂಡುಗಳು ಹೆಚ್ಚಾದಾಗ. ಹರಗೋಲು ದೊಡ್ಡದು ಮಾಡುವ ಮುಂಚೆ ಬಲೆ ಇಡುವ ರೀತಿ ಬದಲಿಸಿ ನೋಡಿ. ಪ್ರತಿ ಬಲೆಯನ್ನೂ ಬೇರೆ ಬೇರೆ ಗೊಬ್ಬರದ ಚೀಲದಲ್ಲಿ ಮಡಚಿ ಇಟ್ಟು, ಬಿಡುವ ಕ್ರಮದಲ್ಲಿ ಗೋಡೆಗೆ ಒರಗಿಸಿದರೆ ಅರ್ಧ ಜಾಗ ಉಳಿಯುತ್ತದೆ. ಇದಕ್ಕೆ ಖರ್ಚು ಸೊನ್ನೆ.

ಹತ್ತಡಿ ಫೈಬರ್

ದೊಡ್ಡದು ಬೇಕೇ ಬೇಕಾಗುವ ಸಂದರ್ಭಗಳಿವೆ. ಮೂರು ನಾಲ್ಕು ಮಂದಿ ಖಾಯಂ ಆಗಿ ಕೂಡಿ ದುಡಿಯುವವರು, ಬಸವಸಾಗರದಂಥ (ಅದೇ ನಾರಾಯಣಪುರ ಜಲಾಶಯ) ಅಗಲ ನೀರಿನಲ್ಲಿ ರಾತ್ರಿ ಉಳಿದು ಬಲೆ ಕಾಯುವವರು, ಒಂದೇ ಸಲಕ್ಕೆ ನೂರು ನೂರೈವತ್ತು ಕೆಜಿ ಮೀನು ತರುವವರು, ಎಳೆಬಲೆಯನ್ನು ದಂಡೆಯಿಂದ ಸುತ್ತು ಹಾಕಿ ತರುವವರು. ಒದ್ದೆಯಾದ ಎಳೆಬಲೆಯ ರಾಶಿಯೇ ಹರಗೋಲಿನ ಅರ್ಧ ಹಿಡಿಯುತ್ತದೆ, ಅದರ ಮೇಲೆ ನಿಂತು ಹುಟ್ಟು ಹಾಕಲಾಗದು. ಇವರಿಗೆ ಎಂಟಡಿಯದರಲ್ಲಿ ಕೆಲಸವೇ ನಡೆಯದು.

ಉಳಿದವರಿಗೆ ಮೂರು ಕಷ್ಟ. ಮೊದಲನೆಯದು ಗಾಳಿ. ದುಂಡು ದೋಣಿಗೆ ನೀರು ಕಚ್ಚಿ ಹಿಡಿಯುವ ಏಣು ಇಲ್ಲ, ಗಾಳಿ ಎತ್ತ ತಳ್ಳಿದರೂ ಅತ್ತ ಜಾರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಪಡುವಣ ಗಾಳಿಯಲ್ಲಿ ಗೋಡೆ ದೊಡ್ಡದಾದಷ್ಟೂ ಎಳೆತ ಹೆಚ್ಚು, ಮೇಲಾಗಿ ದೊಡ್ಡದು ಕಡಿಮೆ ಮುಳುಗಿರುವುದರಿಂದ ಇನ್ನೂ ಹಗುರಾಗಿ ತೇಲುತ್ತದೆ. ಇಬ್ಬರು ಹುಟ್ಟು ಹಾಕುವವರಿಲ್ಲದೆ ಹತ್ತಡಿಯದನ್ನು ಗಾಳಿಯೆದುರು ತರುವುದು ಆಗದ ಮಾತು. ಎಂಟಡಿಯದನ್ನು ಒಬ್ಬರು ಬೆವರು ಸುರಿಸಿ ತಂದಾರು.

ಎರಡನೆಯದು ಸಾಗಣೆ. ನಾವು ಛೋಟಾ ಹಾತಿ ಅನ್ನುವ ಸಣ್ಣ ಗಾಡಿಯ ತೊಟ್ಟಿ ಏಳಡಿ ಉದ್ದ, ಐದಡಿಗಿಂತ ಕಡಿಮೆ ಅಗಲ. ಎಂಟಡಿಯದು ಅದರ ಗೋಡೆಗಳ ಮೇಲೆ ಬೋರಲಾಗಿ ಕೂತು ಎರಡೂ ಬದಿಗೆ ಒಂದೂವರೆ ಅಡಿ ಚಾಚಿಕೊಳ್ಳುತ್ತದೆ. ಹಗ್ಗ ಬಿಗಿದು, ನಸುಕಿನಲ್ಲಿ ನಿಧಾನ ಒಯ್ದರೆ ಹೇಗೋ ಆದೀತು. ಹತ್ತಡಿಯದು ಎರಡೂವರೆ ಅಡಿಗಿಂತ ಹೆಚ್ಚು ಚಾಚುತ್ತದೆ, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಕಥೆ ಮುಗಿಯಿತು. ಅದಕ್ಕೆ ಟ್ರ್ಯಾಕ್ಟರ್ ಟ್ರಾಲಿಯೇ ಬೇಕು. ಕೆರೆಯಿಂದ ಕೆರೆಗೆ ಹೋಗುವವರು ಪ್ರತಿ ಸಲದ ಟ್ರಾಲಿ ಬಾಡಿಗೆಯನ್ನು ಬೆಲೆಗೆ ಕೂಡಿಸಿಯೇ ಹೋಲಿಸಬೇಕು.

ಮೂರನೆಯದು ರಾಡಿ. ಅಗಲ ತಳ ಒದ್ದೆ ಎರೆಮಣ್ಣಿಗೆ ಬಟ್ಟಲು ಕವುಚಿದಂತೆ ಅಂಟಿಕೊಳ್ಳುತ್ತದೆ. ನೇರ ಎಳೆದರೆ ನಾಲ್ವರಿಗೂ ಜಗ್ಗದು. ಮೊದಲು ಒಂದು ಬದಿಯನ್ನು ಗಳದಿಂದ ಮೀಟಿ ಗಾಳಿ ಒಳಹೋಗುವಂತೆ ಮಾಡಿ, ಆಮೇಲೆ ಎಳೆಯಬೇಕು. ನಮ್ಮ ಕಡೆ ತೊಗರಿ ಕಟ್ಟಿಗೆಗೆ ಬರವಿಲ್ಲ. ಹೊರೆಗಳನ್ನು ರಾಡಿಯ ಮೇಲೆ ಅಡ್ಡ ಹಾಸಿ, ಮೇಲೆ ಹಳೆಯ ಫ್ಲೆಕ್ಸ್ ಬ್ಯಾನರ್ ಹರಡಿ, ಅದರ ಮೇಲೆ ಒಂದು ಕೊಡ ನೀರು ಚೆಲ್ಲಿದರೆ ಹರಗೋಲು ಜಾರಿಕೊಂಡು ಬರುತ್ತದೆ. ಬ್ಯಾನರ್ ಬಿಟ್ಟು ಬರೀ ಕಟ್ಟಿಗೆಯ ಮೇಲೆ ಎಳೆಯಬೇಡಿ, ಕೊಯ್ದ ತುದಿಗಳು ಹೊರಮೈಯ ಬಣ್ಣದ ಪದರವನ್ನು ಕೆತ್ತುತ್ತವೆ. ದಂಡೆ ಗಟ್ಟಿಯಿದ್ದರೆ ನಾಲ್ಕಿಂಚಿನ ಪಿವಿಸಿ ಪೈಪಿನ ಮೂರು ತುಂಡು ಸಾಕು, ಹಿಂದಿನದನ್ನು ಮುಂದಿಡುತ್ತ ಉರುಳಿಸಬಹುದು.

ಬಹಳ ಮಂದಿ ಯೋಚಿಸದ ಇನ್ನೊಂದು ದಾರಿಯಿದೆ. ಅಣ್ಣ ತಮ್ಮ ಇಬ್ಬರಿದ್ದು ಎಂಟಡಿಯದೊಂದು ಆಗಲೇ ಇದ್ದರೆ, ಹತ್ತಡಿಯದರ ಬದಲು ಇನ್ನೊಂದು ಏಳೆಂಟಡಿಯದು ತನ್ನಿ. ಫೈಬರಿನ ಬೆಲೆ ಮುಖ್ಯವಾಗಿ ಹೋಗುವುದು ಮ್ಯಾಟ್ ಮತ್ತು ರೆಸಿನ್ನಿನ ತೂಕಕ್ಕೆ, ಆದ್ದರಿಂದ ನೂರು ಕೆಜಿಯದರ ದುಡ್ಡಿನಲ್ಲಿ ಐವತ್ತೈದು ಕೆಜಿಯದು ಬಂದು ಒಂದಷ್ಟು ಉಳಿಯುತ್ತದೆ. ಎರಡು ಕಡೆ ಬಲೆ ಬೀಳುತ್ತದೆ, ಒಂದು ಒಡೆದರೆ ಮನೆ ನಿಲ್ಲುವುದಿಲ್ಲ, ಒಬ್ಬರು ಸಿಕ್ಕಿಹಾಕಿಕೊಂಡರೆ ಇನ್ನೊಬ್ಬರು ಹೋಗಿ ತರಬಹುದು.

ಚಪ್ಪಟೆ ತಳದ ದೋಣಿ, ಯಂತ್ರ

ಹದಿನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಫೈಬರ್ ದೋಣಿ 130ರಿಂದ 150 ಕೆಜಿ. ಅದಕ್ಕೆ ಹತ್ತು ಎಚ್‌ಪಿ ಆಸುಪಾಸಿನ ಯಂತ್ರ ಸೇರಿಸಿದರೆ ಇನ್ನೂ ನಲವತ್ತು. ದಿನಾ ಎತ್ತುವ ಮಾತೇ ಇಲ್ಲ, ನೀರಿನಲ್ಲೇ ಕಟ್ಟಿ ಬಿಡಬೇಕು. ಇದರ ಬಲ ದೂರ. ಹರಗೋಲು ಗಂಟೆಗೆ ಎರಡು ಮೂರು ಕಿಲೋಮೀಟರ್ ಹೋದರೆ ಇದು ತುಂಬಿದ ಹೇರಿನಲ್ಲೂ ಎಂಟೊಂಬತ್ತು ಹೋಗುತ್ತದೆ. ಬಸವಸಾಗರದಲ್ಲಿ ದಂಡೆಯಿಂದ ನಾಲ್ಕೈದು ಕಿಲೋಮೀಟರ್ ಒಳಗೆ ಬಲೆ ಬಿಡುವವರಿಗೆ, ಅಥವಾ ನಾಲ್ಕಾರು ಹರಗೋಲುಗಳ ಮೀನು ಕೂಡಿಸಿ ದಂಡೆಗೆ ತರುವ ಸಹಕಾರ ಸಂಘಕ್ಕೆ ಇದು ಒಪ್ಪುತ್ತದೆ. ಪೂರ್ತಿ ವೇಗದಲ್ಲಿ ಗಂಟೆಗೆ ಮೂರರಿಂದ ನಾಲ್ಕು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಹತ್ತು ಕೆಜಿ ಮೀನಿಗೆ ಹೋಗಿ ಬಂದರೆ ಮೀನು ಪೆಟ್ರೋಲಿಗೇ ಹೋಯಿತು.

ನೀರಿನಲ್ಲಿ ಕಟ್ಟಿಟ್ಟ ದೋಣಿಗೆ ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಹಗ್ಗ ಸರಿಸಬೇಕು, ಇಲ್ಲವಾದರೆ ನೀರು ಇಳಿದು ದೋಣಿ ರಾಡಿಯಲ್ಲಿ ಕೂರುತ್ತದೆ, 150 ಕೆಜಿಯನ್ನು ಅಲ್ಲಿಂದ ಎಬ್ಬಿಸಲು ಊರೇ ಬರಬೇಕು. ಯಂತ್ರವನ್ನು ರಾತ್ರಿ ಬಿಚ್ಚಿ ಮನೆಗೆ ತರಬೇಕು. ಕಾರಂಜಾದ ನೀರನ್ನು ಬೀದರ ನಗರ ಕುಡಿಯುತ್ತದೆ. ಅಂಥ ಕಡೆ ಯಂತ್ರ ಇಳಿಸುವ ಮುಂಚೆ ಸಂಘವನ್ನೂ ನೀರಾವರಿಯವರನ್ನೂ ಕೇಳಿ, ನೋಂದಣಿ ಬೇಕೋ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ. ದುಂಡು ಹರಗೋಲಿಗೇ ಯಂತ್ರ ಕೂಡಿಸುವ ಹಂಬಲ ಇದ್ದವರಿಗೆ ಒಂದು ಮಾತು: ಅಂಚಿನಲ್ಲಿ ತಳ್ಳಿದರೆ ದುಂಡು ವಸ್ತು ಬುಗುರಿಯಾಗುತ್ತದೆ. ಅರ್ಧ ಶಕ್ತಿ ಅದನ್ನು ನೆಟ್ಟಗೆ ಇಡುವುದಕ್ಕೇ ಹೋಗುತ್ತದೆ.

ಗಾಳ ಹಾಕುವವರ ಕಯಾಕ್

ಕಲಬುರಗಿ, ಬೀದರ ನಗರಗಳಲ್ಲಿ ಭಾನುವಾರ ಗಾಳ ಹಿಡಿದು ಹೋಗುವ ಹವ್ಯಾಸಿಗಳ ಪ್ರಶ್ನೆ ಬೇರೆ: ಹತ್ತಡಿಯ ಪ್ಲಾಸ್ಟಿಕ್ ಕಯಾಕ್ ಇಟ್ಟುಕೊಳ್ಳಬೇಕೋ, ಹನ್ನೆರಡು ಹದಿಮೂರು ಅಡಿಯ ಪೆಡಲ್ ತುಳಿಯುವ ಭಾರದ್ದಕ್ಕೆ ಹೋಗಬೇಕೋ. ಮೊದಲನೆಯದು 25ರಿಂದ 30 ಕೆಜಿ, ಎರಡನೆಯದು 50ರಿಂದ 60. ಇಲ್ಲೂ ಸಿಮೆಂಟ್ ಚೀಲದ ಲೆಕ್ಕವೇ. ಮೂವತ್ತು ಕೆಜಿಯದನ್ನು ಒಬ್ಬರೇ ಕಾರಿನ ಮೇಲೆ ಏರಿಸಬಹುದು. ಅರವತ್ತರದಕ್ಕೆ ಜೊತೆಗಾರ ಬೇಕು, ಜೊತೆಗೆ ಕಾರಿನ ಮಾಡು ಎಷ್ಟು ಭಾರ ತಡೆಯುತ್ತದೆ ಎಂದು ಕೈಪಿಡಿಯಲ್ಲಿ ನೋಡಬೇಕು.

ಕಂಪನಿ ಬರೆದ ಹೊರುವ ಶಕ್ತಿಯ ನೂರಕ್ಕೆ ಎಪ್ಪತ್ತರಷ್ಟನ್ನೇ ನಿಜವೆಂದು ಹಿಡಿಯಿರಿ. 150 ಕೆಜಿ ಎಂದಿದ್ದರೆ 105. ತೊಂಬತ್ತು ಕೆಜಿಯ ಆಳು, ಐಸ್ ಪೆಟ್ಟಿಗೆ, ಗಾಳದ ಸಾಮಾನು, ನೀರಿನ ಕ್ಯಾನು ಸೇರಿದರೆ ಅದು ದಾಟಿತು. ಅಂಥವರು ದೊಡ್ಡದಕ್ಕೆ ಹೋಗುವುದರಲ್ಲಿ ಅರ್ಥವಿದೆ. ಅರವತ್ತೈದು ಕೆಜಿಯವರಿಗೆ ಬರೀ ನಿಂತು ಗಾಳ ಎಸೆಯುವ ಆಸೆ ಬಿಟ್ಟರೆ ಬೇರೆ ಕಾರಣವಿಲ್ಲ. ಪೆಡಲ್‌ನ ರೆಕ್ಕೆ ಅಥವಾ ಪ್ರೊಪೆಲ್ಲರ್ ನೀರಿನ ಕೆಳಗೆ ಒಂದಡಿಗಿಂತ ಹೆಚ್ಚು ಇಳಿದಿರುತ್ತದೆ. ಕಡಿಮೆ ನೀರಿನಲ್ಲಿ ಜಾಲಿ ಬೊಡ್ಡೆಗೆ ಬಡಿಯುತ್ತದೆ, ಜಲಕಳೆ ಸುತ್ತಿಕೊಳ್ಳುತ್ತದೆ. ಫೆಬ್ರವರಿ ದಾಟಿದ ಮೇಲೆ ನಮ್ಮ ಸಣ್ಣ ಕೆರೆಗಳಲ್ಲಿ ಅದಕ್ಕೆ ಕೆಲಸ ಕಡಿಮೆ. ಬಿಸಿಲಿಗೆ ಪ್ಲಾಸ್ಟಿಕ್ ಮೆದುವಾಗಿ, ಕಾರಿನ ಮೇಲೆ ಬಿಗಿದ ಪಟ್ಟಿಯ ಜಾಗದಲ್ಲಿ ತಗ್ಗು ಬೀಳುತ್ತದೆ. ಮನೆ ತಲುಪಿದ ತಕ್ಷಣ ಪಟ್ಟಿ ಸಡಿಲಿಸಿ, ನೆರಳಿನಲ್ಲಿ ಮಗ್ಗುಲಾಗಿ ಇಡಿ. ಚಂದ್ರಂಪಳ್ಳಿ ಜಲಾಶಯ ಚಿಂಚೋಳಿ ವನ್ಯಜೀವಿ ಧಾಮದೊಳಗಿದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಳಿಯುವಂತಿಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿವೆ, ನೀರಿನ ಮಟ್ಟದಲ್ಲಿ ಕಾಲು ಇಳಿಬಿಟ್ಟು ಕೂರುವ ಈ ದೋಣಿ ಅಲ್ಲಿಗಲ್ಲ, ಚಿಕ್ಕದಿರಲಿ ದೊಡ್ಡದಿರಲಿ.

ಹೊಳೆಯಾ, ಕೆರೆಯಾ

ಭೀಮೆಯವರಿಗೆ ಮೇಲಿನ ಲೆಕ್ಕದ ಜೊತೆ ಇನ್ನೊಂದು ಸೇರುತ್ತದೆ. ಸೊನ್ನದಂಥ ಬ್ಯಾರೇಜುಗಳ ಗೇಟು ಮುಚ್ಚಿದಾಗ ಹೊಳೆ ಕೆರೆಯ ಹಾಗೆ ನಿಂತಿರುತ್ತದೆ, ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಂದು ಗೇಟು ಎತ್ತಿದರೆ ಸೆಳೆತ ಏಳುತ್ತದೆ. ಆಗ ಕೆಲಸಕ್ಕೆ ಬರುವುದು ದೊಡ್ಡ ಹರಗೋಲಲ್ಲ, ಬೇಗ ದಂಡೆಗೆ ತಂದು ಮೇಲಕ್ಕೆ ಎತ್ತಬಲ್ಲ ಹರಗೋಲು. ದಂಡೆ ಕಡಿದಾಗಿರುವ ಕಡೆ ನೂರು ಕೆಜಿ ಎತ್ತಲಾಗದೆ ಗಿಡಕ್ಕೆ ಕಟ್ಟಿ ಬಂದರೆ ಬೆಳಗ್ಗೆ ಹಗ್ಗ ಮಾತ್ರ ಇರುತ್ತದೆ. ಹೊಳೆಯವರು ಎಂಟಡಿ ಮೀರಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಯಾವುದೇ ಅಳತೆಯದಾದರೂ ತಲೆಗೊಂದು ಜೀವರಕ್ಷಕ ಜಾಕೆಟ್, ಹರಗೋಲಿಗೊಂದು ಹೆಚ್ಚಿನ ಹುಟ್ಟು ಇರಲಿ. ಹುಟ್ಟು ಕೈಜಾರಿ ಹೋದ ಹರಗೋಲು ಗಾಳಿ ಹೇಳಿದಲ್ಲಿಗೆ ಹೋಗುತ್ತದೆ.

ದುರಸ್ತಿ

ಫೈಬರ್ ಒಡೆದರೆ ಎಂ-ಸೀಲ್ ಮೆತ್ತಿ ಸುಮ್ಮನಾಗಬೇಡಿ, ಎರಡು ವಾರಕ್ಕೆ ಬಿಟ್ಟುಕೊಳ್ಳುತ್ತದೆ. ಅಂಗೈ ಅಗಲದ ಗಾಯಕ್ಕೆ ಬೇಕಾಗುವುದು 100 ಗ್ರಾಂ ಪಾಲಿಯೆಸ್ಟರ್ ರೆಸಿನ್, 10, 15, 20 ಸೆಂಟಿಮೀಟರ್ ಚೌಕದ ಮೂರು ಮ್ಯಾಟ್ ತುಂಡು. ಹರಗೋಲು ಎರಡು ದಿನ ಪೂರ್ತಿ ಒಣಗಲಿ. ಸುತ್ತ ನಾಲ್ಕಿಂಚು ಒರಟು ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವವರೆಗೆ ಉಜ್ಜಿ, ಅಸಿಟೋನ್ ಹಚ್ಚಿದ ಬಟ್ಟೆಯಿಂದ ಒರೆಸಿ. ಸಣ್ಣ ತುಂಡು ಮೊದಲು, ದೊಡ್ಡದು ಕೊನೆಗೆ, ಬ್ರಷ್ಷಿನಿಂದ ಕುಕ್ಕುತ್ತ ಗಾಳಿ ಗುಳ್ಳೆ ಹೊರಡಿಸಿ. ನೂರು ಗ್ರಾಂ ರೆಸಿನ್ನಿಗೆ ಚಳಿಗಾಲದಲ್ಲಿ ಒಂದೂವರೆ ಎರಡು ಮಿಲಿ ಹಾರ್ಡ್ನರ್ (ರೆಸಿನ್ನನ್ನು ಗಟ್ಟಿ ಮಾಡುವ ದ್ರವ). ಬೇಸಿಗೆಯಲ್ಲಿ ಒಂದೇ ಮಿಲಿ, ಅದೂ ಬೆಳಗಿನ ತಂಪಿನಲ್ಲಿ. ಹೆಚ್ಚು ಹಾಕಿದರೆ ಡಬ್ಬಿಯಲ್ಲೇ ಕಾದು ಗಟ್ಟಿಯಾಗುತ್ತದೆ, ಮೇಲೆ ಹಚ್ಚಿದ್ದು ಬಿರಿಯುತ್ತದೆ. ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ದ್ರವ ಬೇರೆ ಶೀಶೆಯಲ್ಲಿ ಬಂದಿದ್ದರೆ ಅದನ್ನು ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲಷ್ಟೇ ಹಾರ್ಡ್ನರ್. ಆ ಎರಡನ್ನು ನೇರ ಸೇರಿಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಮಳೆಗಾಲದಲ್ಲಿ ಮ್ಯಾಟ್ ಸಣ್ಣಗೆ ತಣಸು ಹೀರಿದ್ದರೂ ಪದರ ಅಂಟದೆ ಬೆಳ್ಳಗೆ ಮಚ್ಚೆ ಉಳಿಯುತ್ತದೆ. ಬಿಸಿಲಿಗೆ ಒಣಗಿಸಿ ಬಳಸಿ.

ಸಹಾಯಧನ, ಕೊಳ್ಳುವ ದಿನ

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಫಲಾನುಭವಿ ಘಟಕಗಳಲ್ಲಿ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ. 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ. 60 ಸಹಾಯಧನ ಇಡಲಾಗಿದೆ. ಲೆಕ್ಕ ನಡೆಯುವುದು ಸರಕಾರ ಗೊತ್ತುಮಾಡಿದ ಘಟಕ ವೆಚ್ಚದ ಮೇಲೆ, ನಿಮ್ಮ ಬಿಲ್ಲಿನ ಮೇಲಲ್ಲ. ಆ ವರ್ಷ ಹರಗೋಲು, ಬಲೆಗೆ ಯಾವ ಯೋಜನೆಯಲ್ಲಿ ಅರ್ಜಿ ಕರೆದಿದ್ದಾರೆ, ಯಾವ ಅಳತೆಯದಕ್ಕೆ ಕೊಡುತ್ತಾರೆ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಮುಂಚೆಯೇ ಕೇಳಿ. ಮಹಿಳೆಯರ ಹೆಸರಿನಲ್ಲಿ ಅರ್ಜಿ ಹಾಕುವ ಮನೆಗಳು ಒಂದು ವಿಷಯ ನೆನಪಿಡಲಿ: ಹೆಸರು ಯಾರದೋ ಹರಗೋಲು ಎತ್ತುವವರೂ ಅವರೇ ಆಗಿದ್ದರೆ, ಅಳತೆ ಅವರ ಕೈಗೆ ತಕ್ಕಂತೆ ಇರಲಿ.

"ದೊಡ್ಡದs ತಗೋರಿ, ಮುಂದ ಕೆಲಸಕ್ಕ ಬರ್ತದ" ಅಂತ ಮಾರುವವರು ಹೇಳಿಯೇ ಹೇಳುತ್ತಾರೆ. ಮುಂಗಡ ಕೊಡುವ ಮುಂಚೆ, ನೀರು ಇಳಿದ ದಿನಗಳಲ್ಲಿ, ದಿನಾ ಬರುವ ಅದೇ ಮಂದಿ ಸೇರಿ ನಿಮ್ಮ ಈಗಿನ ಹರಗೋಲಿನಲ್ಲಿ ಉಸುಕು ತುಂಬಿದ ಚೀಲಗಳನ್ನಿಟ್ಟು ಒಟ್ಟು ನೂರು ಕೆಜಿ ಮಾಡಿ, ನೀರಿನಂಚಿನಿಂದ ದಂಡೆಗೆ ತಂದು ನೋಡಿ. ನಡುವೆ ಎರಡು ಸಲ ಕೂತರೆ ಪರವಾಗಿಲ್ಲ. ಐದು ಸಲ ಕೂತರೆ ಎಂಟಡಿಯಲ್ಲೇ ಇರಿ.

ತಂದ ದಿನ ಮೂರು ಪರೀಕ್ಷೆ. ಬಿಸಿಲಿನೆದುರು ಎತ್ತಿ ಹಿಡಿದು ಒಳಗಿನಿಂದ ನೋಡಿ. ಬೆಳಕು ಒಂದೇ ಸಮ ಕಾಣಬೇಕು, ಅಲ್ಲಲ್ಲಿ ಬೆಳಕು ಹೆಚ್ಚು ಕಂಡರೆ ಅಲ್ಲಿ ಮ್ಯಾಟ್ ಕಡಿಮೆ. ನಾಣ್ಯದಿಂದ ತಳವನ್ನೆಲ್ಲ ತಟ್ಟುತ್ತ ಹೋಗಿ. ಟಣ್ ಅನ್ನುವ ಕಡೆ ಗಟ್ಟಿ, ಡಬ್ ಅಂದರೆ ಪದರದ ನಡುವೆ ಗಾಳಿ. ಕೊನೆಗೆ ತೊಗರಿ ತೂಗುವ ಅಡತಿ ಅಂಗಡಿಯ ಕಾಟಾಕ್ಕೆ ಹಾಕಿಸಿ. ಐದು ಪದರದ ಹತ್ತಡಿಯದು ನೂರರ ಆಸುಪಾಸು ತೂಗಬೇಕು. ಎಂಬತ್ತೆರಡಕ್ಕೆ ಮುಳ್ಳು ನಿಂತರೆ ಹಗುರಾಯಿತೆಂದು ಖುಷಿಪಡಬೇಡಿ, ಒಂದು ಪದರ ಮ್ಯಾಟ್ ತಿಂದಿದ್ದಾರೆ; ತಂದ ಗಾಡಿಯಲ್ಲೇ ವಾಪಸ್ ಕಳಿಸಿ.